ರಾಚಪ್ಪನ ಹೊಸ ಟೈರು

ಬೆಟ್ಟದ ಮೇಲಿನ ಒಂದೂರಿನಲ್ಲಿ ರಾಚಪ್ಪ ಅಂತ ಒಬ್ಬನಿದ್ದ. ಊರಿಗೆಲ್ಲ ಇದ್ದದ್ದು ಅವನದೊಂದೇ ಜೀಪು. ಸಂತೆಗೂ ಅದೇ, ಹೆರಿಗೆಗೂ ಅದೇ. ದಾರಿ ಅನ್ನೋದು ಬರೀ ಹೆಸರಿಗೆ. ನಡುವೆ ಒಂದು ಹಳ್ಳ, ಹಳ್ಳದ ಎರಡೂ ಕಡೆ ಕೆಸರಿನ ಏರು. ಹೋಗುವಾಗಲೂ ಹತ್ತಬೇಕು, ಬರುವಾಗಲೂ ಹತ್ತಬೇಕು.

ಜೀಪಿನ ಟೈರು ಬೋಳಾಗಿದ್ದವು. ಆಚೆ ಬೀದಿಯಲ್ಲಿದ್ದ ರಾಚಪ್ಪನ ಅಕ್ಕ ಗೌರಮ್ಮ, ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಸಾಕಿದವಳು, ಕರೆಯೋ ಎಮ್ಮೆಯನ್ನೇ ಮಾರಿ ದುಡ್ಡು ಕೊಟ್ಟಳು. ರಾಚಪ್ಪ ಪೇಟೆಗೆ ಹೋಗಿ ಕೆಸರು ಕಚ್ಚಿ ಹತ್ತುವ ನಾಲ್ಕು ದಪ್ಪ ಟೈರು ತಂದ. ಜೊತೆಗೆ ಜೀಪಿನ ನೆತ್ತಿಗೆ ಸಾಲು ದೀಪ, ಮೂತಿಗೆ ಹೊಳೆಯೋ ಬಂಪರು. ದೀಪ ಹಾಕಿದ, ಬಂಪರು ಹಾಕಿದ. ಟೈರು ಮಾತ್ರ ಹಾಕಲಿಲ್ಲ ನೋಡಿ! ಕಂಬಳಿ ಹೊದಿಸಿ ನಡುಮನೆಯಲ್ಲಿಟ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ.

"ಮಳೆ ಹಿಡ್ಕಂಡದೆ, ಹಾಕ್ಬುಡ್ಲಾ ರಾಚ" ಅಂದಳು ಗೌರಮ್ಮ.

"ಸವೆದೋಯ್ತವೆ ಕನಕ್ಕ. ದಸರೆ ಜೀಪು ಪಂದ್ಯಕ್ಕೆ ಹೊಸದಾಗೇ ಇರ್ಲಿ, ಆಗ ಹಾಕ್ತೀನಿ."

ದಿನಾ ಬೆಳಗ್ಗೆ ಕಂಬಳಿ ಸರಿಸಿ, ಟೈರಿನ ಮೈಮೇಲಿದ್ದ ರಬ್ಬರಿನ ಎಳೆಗಳನ್ನು ಸವರಿ ಮತ್ತೆ ಮುಚ್ಚುತ್ತಿದ್ದ.

ಒಂದು ಬೆಳಗ್ಗೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಗೌರಮ್ಮನ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ರಾಚಪ್ಪ ಅವಳನ್ನು ಎತ್ತಿ ಜೀಪಿನಲ್ಲಿ ಮಲಗಿಸಿ ಓಡಿಸಿದ. ಟೈರು ಬದಲಿಸಲು ಪುರುಸೊತ್ತೆಲ್ಲಿ?

"ಹೊಸ ಟೈರು ಹಾಕಿದ್ದೀಯ ತಾನೇ?" ಅಂತ ಮಲಗಿದ್ದಲ್ಲೇ ಕೇಳಿದಳು ಗೌರಮ್ಮ.

"ಹೂಂ ಅಕ್ಕ" ಅಂದ ರಾಚಪ್ಪ.

ಹಳ್ಳ ಇಳಿದರು. ಆಚೆ ಏರಿನ ಅರ್ಧಕ್ಕೆ ಜೀಪು ನಿಂತಿತು. ಚಕ್ರ ಸುಮ್ಮನೆ ನಿಂತಲ್ಲೇ ತಿರುಗಿ ಕೆಸರು ಎರಚಿದವು. ಆ ಸದ್ದು ಮಲಗಿದ್ದವಳಿಗೂ ಕೇಳಿಸಿತು. ತಮ್ಮನ ಮುಖ ನೋಡಿದಳು. ಹೊಲದಲ್ಲಿದ್ದವರು ಓಡಿಬಂದು ಕಂಬಳಿಯಲ್ಲಿ ಅವಳನ್ನು ಹೊತ್ತು ನಡೆದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು.

"ಒಂದು ಗಂಟೆ ಮೊದಲು ಬಂದಿದ್ದರೆ ಉಳಿಸ್ತಿದ್ದೆ ಕಣಪ್ಪ" ಅಂದರು ಡಾಕ್ಟರು.

ಮಾರನೆ ದಿನ ರಾಚಪ್ಪ ಊರಿಗೆ ನಡೆದು ಬಂದ. ಕಂಬಳಿ ತೆಗೆದು, ನಾಲ್ಕು ಟೈರನ್ನೂ ಒಂದೊಂದಾಗಿ ಹಳ್ಳದವರೆಗೆ ಉರುಳಿಸಿದ. ಕೆಸರಿನಲ್ಲಿ ಮಂಡಿಯೂರಿ ಅಳುತ್ತಲೇ ಜೀಪಿಗೆ ಹಾಕಿದ. ಜೀಪು ತಡೆಯಿಲ್ಲದೆ ಏರು ಹತ್ತಿತು. ಸಂಜೆಗೆ ಆಸ್ಪತ್ರೆಯಿಂದ ಅಕ್ಕನ ಹೆಣ ಇಟ್ಟುಕೊಂಡು ಅದೇ ಹಳ್ಳ ಇಳಿದ. ಊರ ಕಡೆಯ ಏರು ಇನ್ನೂ ಕಡಿದು, ಇನ್ನೂ ಕೆಸರು. ಜೀಪು ಅದನ್ನೂ ಹತ್ತಿತು, ಒಂದೇ ಒಂದು ಸಲವೂ ಜಾರಲಿಲ್ಲ.

ಜಾರಿದ್ದರೆ ಚೆನ್ನಾಗಿತ್ತು ಅನ್ನಿಸಿತಂತೆ ಅವನಿಗೆ. ಪಾಪ, ಹೊಸ ಟೈರು ಹಾಕಿದ್ದರೂ ಅವತ್ತು ಜೀಪು ಹತ್ತುತ್ತಿರಲಿಲ್ಲ ಅಂತ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳೋಕೂ ದಾರಿ ಉಳಿಯಲಿಲ್ಲ.

ನೀತಿ: ಆಪತ್ತಿಗೆ ಅಂತ ತಂದದ್ದನ್ನು ಮೆರೆಯೋಕೆ ಅಂತ ಎತ್ತಿಡಬೇಡಿ. ಸವೆಯುವುದೇ ಟೈರಿನ ಕೆಲಸ. ಸವೆದರೆ ಇನ್ನೊಂದು ತರಬಹುದು, ಅಕ್ಕನನ್ನು ತರೋಕಾಗಲ್ಲ.