ಕೋಚ್ ಎಂಬ ಊರಿನ ಗಾಡಿ

"ಉಸ್ತಾದ್ರೇ, ರೈಲಿನ ಡಬ್ಬಿಗೂ ನಿಮಗೂ ಒಂದೇ ಹೆಸರಾ?"

ಹೀಗೆ ಕೇಳಿದವನು ಚೆಲುವ. ಕೇಳಿಸಿಕೊಂಡವರು ಗರಡಿಯ ಗುರುಗಳಾದ ಉಸ್ತಾದ್ ದೊಡ್ಡನಂಜಯ್ಯನವರು. ಅಂದು ಬೆಳಿಗ್ಗೆ ಕುಸ್ತಿ ಸಂಘದವರು ಬಂದು ಗರಡಿಯ ಬಾಗಿಲಿಗೆ ಹೊಸ ಬೋರ್ಡು ಹೊಡೆದು ಹೋಗಿದ್ದರು. ಅದರಲ್ಲಿ ದೊಡ್ಡನಂಜಯ್ಯನವರ ಹೆಸರಿನ ಮುಂದೆ 'ಕೋಚ್' ಎಂದು ಬರೆದಿತ್ತು. ಹಿಂದಿನ ವಾರ ಪಂದ್ಯಕ್ಕೆ ಹೋಗುವಾಗ ಚೆಲುವ ಸ್ಟೇಷನ್ನಿನಲ್ಲಿ ಅದೇ ಪದವನ್ನು ರೈಲಿನ ಡಬ್ಬಿಯ ಮೇಲೆ ಓದಿದ್ದ. ನಲವತ್ತು ವರ್ಷ ಗರಡಿಯ ಮಣ್ಣಿನಲ್ಲಿ ಬೆವರು ಸುರಿಸಿದವರಿಗೆ ಡಬ್ಬಿಯ ಹೆಸರು ಅಂಟಿಸುವುದೇ ಎಂದು ಅವನಿಗೆ ಸಿಟ್ಟು ಬಂದಿತ್ತು.

ಚೆಲುವ ಆ ಗರಡಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಉಸ್ತಾದರ ಪಟ್ಟುಗಳೆಲ್ಲ ಅವನ ಕೈಗೆ ಬಂದಿದ್ದವು. ಹೊಳೆಯಾಚೆಯ ಊರಿನವರು ಹೊಸ ಗರಡಿ ಕಟ್ಟಿಕೊಂಡು, ನಮಗೆ ಉಸ್ತಾದನಾಗಿ ಬಾ ಎಂದು ವರ್ಷಕ್ಕೊಂದು ಸಲದಂತೆ ಮೂರು ಸಲ ಅವನನ್ನು ಕರೆದಿದ್ದರು. ಕಲಿಯುವುದು ಇನ್ನೂ ಇದೆ ಎಂದು ಅವನು ಮೂರು ಸಲವೂ ಅವರನ್ನು ಹಿಂದಕ್ಕೆ ಕಳಿಸಿದ್ದ. ಉಸ್ತಾದನಿಲ್ಲದೆ ಹೊಳೆಯಾಚೆಯ ಆ ಹೊಸ ಗರಡಿಗೆ ಹಾಕಿದ ಬೀಗ ಹಾಗೆಯೇ ಇತ್ತು.

ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಿಂದೆ ಒಂದ್ಸಲ ಪೇಪರ್‌ನೋರು ನನ್ನನ್ನೂ ಕೋಚ್ ಅಂತ್ಲೇ ಬರೆದಿದ್ರು ಕಣೋ. ನಂಗೂ ನಿನ್ನಂಗೇ ಉರಿದುಹೋಯ್ತು. ಸೀದಾ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರ ಮನೆಗೆ ಹೋಗಿ ಕೇಳ್ಕೊಂಡು ಬಂದೆ. ಬೋರ್ಡು ಕೀಳೋದು ಆಮೇಲೆ ನೋಡೋಣ, ಕೂತ್ಕೋ."

ಚೆಲುವ ಕೂತ. ಉಸ್ತಾದರು ಹೇಳತೊಡಗಿದರು.

ಹಂಗೇರಿ ಎಂಬ ದೇಶದಲ್ಲಿ ಕೋಚ್ ಎಂದು ಒಂದು ಊರು. ಐನೂರು ವರ್ಷಗಳ ಹಿಂದೆ ಕುದುರೆ ಗಾಡಿ ಮಾಡುವುದರಲ್ಲಿ ಆ ಊರಿನವರದು ಎತ್ತಿದ ಕೈ. ಅವರ ಗಾಡಿ ಎಷ್ಟು ಹೆಸರಾಯಿತೆಂದರೆ ಜನ ಗಾಡಿಯನ್ನೇ ಕೋಚ್ ಎಂದು ಕರೆದರು. ನಮ್ಮ ಹೆಂಗಸರು ಇಳಕಲ್ ಉಟ್ಟೆ ಎಂದರೆ ಊರನ್ನೇ ಮೈಗೆ ಸುತ್ತಿಕೊಂಡರು ಎಂದು ಯಾರೂ ತಿಳಿಯುವುದಿಲ್ಲವಲ್ಲ, ಹಾಗೆ. ಗಾಡಿಯೂ ಹೆಸರೂ ದೇಶದಿಂದ ದೇಶಕ್ಕೆ ಹೋಗಿ ಇಂಗ್ಲೆಂಡನ್ನು ಮುಟ್ಟಿದವು. ರೈಲು ಬಂದಾಗ ಗಾಡಿಯ ಹೆಸರು ಡಬ್ಬಿಗೂ ಬಂತು. ಅಲ್ಲಿನ ಕಾಲೇಜು ಹುಡುಗರು ತುಂಟರು. ಪರೀಕ್ಷೆ ದಾಟಿಸುವ ಮೇಷ್ಟರನ್ನು, ನಮ್ಮನ್ನು ಕೂರಿಸಿಕೊಂಡು ಆಚೆ ಮುಟ್ಟಿಸುವ ಗಾಡಿ ಇವರು ಎಂದು ತಮಾಷೆಗೆ ಕೋಚ್ ಎಂದರು. ತಮಾಷೆಯೇ ಕೊನೆಗೆ ಹೆಸರಾಗಿ ನಿಂತಿತು. ಆಮೇಲೆ ಆಟ ಕಲಿಸುವವರ ಹೆಸರಾಗಿ ಮೈದಾನಕ್ಕೆ ಬಂತು, ಇವತ್ತು ನಮ್ಮ ಬಾಗಿಲಿಗೂ ಬಂತು.

"ಇಷ್ಟು ಮೇಷ್ಟ್ರು ಹೇಳಿದ್ದು. ಮುಂದಿನದು ನಾನೇ ಕಟ್ಟಿದ್ದು. ಸುಳ್ಳು ಅಂತ ಮಧ್ಯೆ ಬಾಯಿ ಹಾಕಬೇಡ" ಎಂದು ಉಸ್ತಾದರು ಮುಂದುವರಿಸಿದರು.

ಕೋಚ್ ಊರಿನಲ್ಲಿ ಒಬ್ಬ ಗಾಡಿಯವನಿದ್ದ. ತನ್ನ ಊರಿನಿಂದ ಪಟ್ಟಣಕ್ಕೆ, ಪಟ್ಟಣದಿಂದ ಊರಿಗೆ ಗಾಡಿ ಹೊಡೆಯುವುದು ಅವನ ಕಸುಬು. ಅಲ್ಲಿನ ಗಾಡಿಯವರಿಗೆ ಒಂದು ಕಟ್ಟಳೆಯಿತ್ತು. ಪಟ್ಟಣದ ಛತ್ರದ ಮುಂದೆ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಒಳಗೆ ಯಾರೂ ಇಲ್ಲವೆಂದು ತೋರಿಸಬೇಕು. ಅದಾದ ಮೇಲೆಯೇ ಛತ್ರದವರು ಗಾಡಿಯವನಿಗೆ ಬಿಸಿ ಊಟ ಬಡಿಸುವರು. ಒಬ್ಬ ಉಳಿದಿದ್ದರೂ ಊಟವಿಲ್ಲ, ಊರಿಂದ ಕಟ್ಟಿಕೊಂಡು ಬಂದ ಒಣ ರೊಟ್ಟಿಯೇ ಗತಿ. ಪ್ರಯಾಣಿಕನನ್ನು ಇಳಿ ಎಂದು ಕೇಳಬಹುದು, ಎಳೆದು ಇಳಿಸುವಂತಿಲ್ಲ. ಅವನು ತನ್ನ ಕಾಲಿನ ಮೇಲೆ ತಾನೇ ಇಳಿಯಬೇಕು.

ಒಂದು ದಿನ ರೊಟ್ಟಿ ಸುಡುವ ಕಸುಬಿನವನೊಬ್ಬ ಗಾಡಿ ಹತ್ತಿದ. ಪಟ್ಟಣದಲ್ಲಿ ರೊಟ್ಟಿ ಸುಡುವವರು ಯಾರೂ ಇರಲಿಲ್ಲ. ಅಲ್ಲಿನ ಜನ ಅವನಿಗಾಗಿ ಒಲೆ ಹಾಕಿ, ಸೌದೆ ಒಟ್ಟಿ, ದಾರಿ ಕಾಯುತ್ತಿದ್ದರು. ರೊಟ್ಟಿಯವನಿಗೆ ಗಾಡಿ ಬಹಳ ಹಿಡಿಸಿತು. ಗಾಡಿಯವನ ಮಾತು ಇನ್ನೂ ಹಿಡಿಸಿತು. ಯಾವ ತಿರುವಿನಲ್ಲಿ ಲಗಾಮು ಎಳೆಯಬೇಕು, ಯಾವ ದಿಣ್ಣೆಯಲ್ಲಿ ಕುದುರೆಯನ್ನು ಅದರ ಪಾಡಿಗೆ ಬಿಡಬೇಕು ಎಂದು ಕೇಳುತ್ತ ಹೋದ. ಪಟ್ಟಣ ಬಂತು. ಎಲ್ಲರೂ ಇಳಿದರು. ಅವನು ಇಳಿಯಲಿಲ್ಲ.

"ನೀನು ಇಳಿಯೋ ಊರು ಬಂತಲ್ಲಪ್ಪ" ಎಂದ ಗಾಡಿಯವನು.

"ಇನ್ನೊಂದು ಸುತ್ತು ಬರ್ತೀನಣ್ಣ. ದಾರಿ ಇನ್ನೂ ಪೂರಾ ಗೊತ್ತಾಗಿಲ್ಲ" ಎಂದ ರೊಟ್ಟಿಯವನು.

ದಾರಿ ಗೊತ್ತಾಗದಿದ್ದುದು ನೆಪ. ನಿಜವಾಗಿ ಅವನಿಗೆ ಹೆದರಿಕೆ. ಪಟ್ಟಣದಲ್ಲಿ ಇಳಿದರೆ ರೊಟ್ಟಿ ಸುಡಬೇಕು. ಸುಟ್ಟ ರೊಟ್ಟಿಯನ್ನು ಜನ ಬಾಯಿಗಿಡುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಇಲ್ಲ ಎನ್ನುತ್ತಾರೆ. ಗಾಡಿಯೊಳಗೆ ಕೂತವನನ್ನು ಯಾರೂ ಏನೂ ಅನ್ನುವುದಿಲ್ಲ.

ಒಂದು ಸುತ್ತು ಹತ್ತಾಯಿತು, ಹತ್ತು ಮೂವತ್ತಾಯಿತು. ದಾರಿಯ ಕಲ್ಲು ಕಲ್ಲೂ ರೊಟ್ಟಿಯವನ ಬಾಯಲ್ಲಿತ್ತು. ಹತ್ತಿದವರಿಗೆಲ್ಲ ಅವನು ಗಾಡಿಯವನನ್ನು ಹೊಗಳಿದ್ದೇ ಹೊಗಳಿದ್ದು. ಇಂಥ ಸಾರಥಿ ಭೂಮಿಯ ಮೇಲೆ ಇಲ್ಲ ಎನ್ನುತ್ತಿದ್ದ. ಪಟ್ಟಣ ಬಂದಾಗಲೆಲ್ಲ ಗಾಡಿಯವನು ಬಾಗಿಲು ತೆರೆಯುತ್ತಿದ್ದ, ಇಣುಕುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಆಮೇಲೆ ಮೆಟ್ಟಿಲ ಮೇಲೆ ಕೂತು ಒಣ ರೊಟ್ಟಿ ಕಡಿಯುತ್ತಿದ್ದ. ಗಟ್ಟಿಯಾಗಿ ಎರಡು ಮಾತು ಆಡಬಹುದಿತ್ತು. ಆಡಲಿಲ್ಲ. ರೊಟ್ಟಿಯವನ ಹರಟೆ ಕೇಳುತ್ತ ಗಾಡಿ ಹೊಡೆಯುವುದು ಗಾಡಿಯವನಿಗೂ ಹಿತವಾಗಿತ್ತು. ತಪ್ಪು ಇಬ್ಬರದೂ ಹೌದು.

ಕೊನೆಗೆ ತಾಳ್ಮೆ ಕೆಟ್ಟದ್ದು ಛತ್ರದ ಅಡುಗೆಯ ಅಜ್ಜಿಗೆ. ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ಗಾಡಿಯ ಬಾಗಿಲು ಬಡಿದಳು.

"ಯಾರಪ್ಪ ನೀನು, ಈ ಗಾಡೀಲೇ ಹುಟ್ಟಿದ್ದಾ? ನೀನು ಇಳಿಯೋವರೆಗೂ ಆ ಪುಣ್ಯಾತ್ಮನಿಗೆ ನಾನು ಬಿಸಿ ಅನ್ನ ಹಾಕೋ ಹಂಗಿಲ್ಲ. ಎರಡು ತಿಂಗಳಾಯ್ತು, ಅವನು ಬಂದಾಗಲೆಲ್ಲ ಅವನ ಪಾಲಿನ ಸಾರು ಬೆಕ್ಕಿಗೆ ಹೋಗ್ತಿದೆ."

ರೊಟ್ಟಿಯವನು ಗಾಡಿಯವನ ಮುಖ ನೋಡಿದ. ಎರಡು ತಿಂಗಳಿನಿಂದ ದಾರಿಯುದ್ದಕ್ಕೂ ಅವನ ಬೆನ್ನನ್ನೇ ನೋಡಿಕೊಂಡು ಬಂದಿದ್ದ. ಕೆನ್ನೆ ಒಳಗೆ ಹೋದದ್ದನ್ನು ಗಮನಿಸಿರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು. ಮೆಟ್ಟಿಲು ಬಿಟ್ಟು ಕೆಳಕ್ಕೆ ಹಾರಿದ. ಹಾರಿದ ರಭಸಕ್ಕೆ ಟೋಪಿ ಗಾಡಿಯಲ್ಲೇ ಉಳಿಯಿತು.

ಅವನು ನೇರ ಒಲೆಯ ಹತ್ತಿರ ಓಡಿದ. ಜನ ಒಟ್ಟಿದ್ದ ಸೌದೆ ಚೆನ್ನಾಗಿ ಒಣಗಿತ್ತು. ಮೊದಲ ರೊಟ್ಟಿ ಒಂದು ಕಡೆ ಸೀದಿತ್ತು, ಆಕಾರವೂ ನೆಟ್ಟಗಿರಲಿಲ್ಲ. ಜನ ಅದನ್ನೇ ಮುರಿದು ಹಂಚಿಕೊಂಡು, ಕುಣಿಯುವುದೊಂದು ಬಾಕಿ ಎನ್ನುವ ಹಾಗೆ ಸಂತೋಷಪಟ್ಟರು. ಸೀದಿದೆ ಎಂದೂ ಹೇಳಿದರು. ಅದರಿಂದ ಅವನಿಗೆ ಏನೂ ಆಗಲಿಲ್ಲ. ಎರಡನೆಯದು ಚೆನ್ನಾಗಿ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನು ಛತ್ರಕ್ಕೆ ಬಂದ.

ಗಾಡಿಯವನು ಬಾಗಿಲು ಹಾರುಹೊಡೆದು ಖಾಲಿ ಗಾಡಿಯನ್ನು ಊರಿಗೆಲ್ಲ ತೋರಿಸಿ ಒಳಗೆ ಬಂದಿದ್ದ. ಅಜ್ಜಿ ಎಲೆ ತುಂಬ ಬಡಿಸಿದ್ದಳು. ರೊಟ್ಟಿಯವನು ತಂದ ರೊಟ್ಟಿಯನ್ನು ಅವನು ಬಿಸಿ ಸಾರಿನಲ್ಲಿ ಅದ್ದಿ ತಿಂದ. ತಿನ್ನುತ್ತ ನಕ್ಕ, ನಗುತ್ತ ಅತ್ತ, ಇನ್ನೊಂದು ಹಾಕು ಎಂದ.

ಉಸ್ತಾದರು ಕತೆ ನಿಲ್ಲಿಸಿದರು. ಚೆಲುವ ನಗುತ್ತಿದ್ದ. ಬೋರ್ಡಿನ ಮೇಲಿನ ಸಿಟ್ಟು ಅವನಿಗೆ ಮರೆತೇ ಹೋಗಿತ್ತು.

"ಪಾಪ ಉಸ್ತಾದ್ರೇ, ಆ ಗಾಡಿಯೋನು ಎರಡು ತಿಂಗಳು ಹಸಿವು ಹೆಂಗೆ ತಡ್ಕೊಂಡ?" ಎಂದು ಕೇಳಿದ.

"ನಾನು ಮೂರು ವರ್ಷದಿಂದ ತಡ್ಕೊಂಡಿಲ್ವೇನೋ, ಚೆಲುವ?" ಎಂದರು ಉಸ್ತಾದರು.