ತಿಪ್ಪಣ್ಣನ ಹೆಂಡತಿಯ ಬುತ್ತಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಂಗಿನ್ನೂ ಹಲ್ಲು ಬರೋಕೂ ಮುಂಚೆ, ಈಗ ಬಿದ್ದೋಗಿರೋ ಕಾಲ ಅಲ್ಲ, ನಗಬೇಡ, ಒಂದು ದೊಡ್ಡ ಹೊಳೆ ಇತ್ತಂತೆ. ಹೊಳೆ ಈಚೆಗೆ ಮುದ್ದೆ ಸೀಮೆ, ಆಚೆಗೆ ರೊಟ್ಟಿ ಸೀಮೆ. ಈಚೆ ದಡದಲ್ಲಿ ಚಿಕ್ಕತಾಯಮ್ಮ ಅನ್ನೋಳು ದಾರಿಹೋಕರಿಗೆ ರಾಗಿಮುದ್ದೆ, ಹುರುಳಿಕಾಳು ಸಾರು ಇಕ್ತಿದ್ಲಂತೆ. ಆಚೆ ದಡದಲ್ಲಿ ಬಾಳವ್ವ ಅನ್ನೋಳು ಖಾನಾವಳಿ ಇಟ್ಕೊಂಡು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸ್ತಿದ್ಲಂತೆ. ಇಬ್ಬರಿಗೂ ಗಂಡ ಇಲ್ಲ, ಮಕ್ಕಳಿಲ್ಲ, ಆ ಒಲೆ ಬಿಟ್ರೆ ಬೇರೆ ದಿಕ್ಕಿಲ್ಲ.

ಆದ್ರೆ ಒಬ್ಬರ ಕಂಡ್ರೆ ಒಬ್ಬರಿಗೆ ಆಗ್ತಿರಲಿಲ್ವಂತೆ. ದೋಣಿ ನಡುಹೊಳೆಗೆ ಬಂತು ಅಂದ್ರೆ ಸಾಕು, ಈಚೆಯಿಂದ ಚಿಕ್ಕತಾಯಮ್ಮ, ಬನ್ರಪ್ಪೋ, ಅಲ್ಲೋಗಿ ಆ ಒಣಕಲು ಹಪ್ಪಳ ಕಡೀಬ್ಯಾಡಿ, ಹೊಟ್ಟೇಲಿ ಗಟ್ಟಿಯಾಗಿ ಕುಂತ್ಕೊಳೋದು ಉಣ್ಣಿ ಅಂತ ಕೂಗೋಳು. ಆಚೆಯಿಂದ ಬಾಳವ್ವ, ಬರ್ರಿ ಯಪ್ಪಾ ಈ ಕಡೆ, ಆಕಿ ಕರೇ ಗುಂಡು ನುಂಗಿ ಹೊಳ್ಯಾಗ ಮುಳುಗಬ್ಯಾಡ್ರಿ ಅಂತ ಕೂಗಾಕಿ. ದೋಣೀಲಿರೋರು ಆ ಕಡೆ ನೋಡೋರು, ಈ ಕಡೆ ನೋಡೋರು, ದೋಣಿ ಅಲ್ಲೇ ಗಿರಗಿರ ಸುತ್ತೋದು.

ಅಂಬಿಗ ತಿಪ್ಪಣ್ಣ ಯಾರಿಗೂ ಎದುರಾಡದ ಪ್ರಾಣಿ. ದಿನಾ ಮಧ್ಯಾಹ್ನ ಜನ ಉಂಡು ಹೋದ ಮೇಲೆ ಆಚೆ ದಡಕ್ಕೆ ಹೋಗಿ, ಬಾಳವ್ವಾ, ನನ್ನ ಹೆಂಡ್ತಿಗೆ ಎರಡು ರೊಟ್ಟಿ ಕಟ್ಟವ್ವಾ ಅನ್ನೋನು. ಆಮೇಲೆ ಈಚೆ ದಡಕ್ಕೆ ಬಂದು, ಚಿಕ್ಕತಾಯಮ್ಮಾ, ನನ್ನ ಹೆಂಡ್ತಿಗೆ ಒಂದು ಮುದ್ದೆ ಹಾಕಮ್ಮಾ ಅನ್ನೋನು. ಪಾಪ, ಬಸುರಿ ಇರಬೇಕು ಅಂತ ಬಾಳವ್ವ ಒಂದು ಗುಕ್ಕು ಬೆಣ್ಣೆ ಜಾಸ್ತಿ ಇಟ್ಟು ಕೊಡೋಳು. ಬಾಣಂತಿ ಇರಬೇಕು ಅಂತ ಚಿಕ್ಕತಾಯಮ್ಮ ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಿ ಕೊಡೋಳು. ಹಿಂಗೆ ಹನ್ನೆರಡು ವರ್ಷ ನಡೀತಂತೆ. ಹನ್ನೆರಡು ವರ್ಷ ಯಾರಜ್ಜೀ ಬಸುರಿ ಇರ್ತಾರೆ ಅಂತೀಯಾ? ಸುಮ್ನೆ ಕೇಳು, ಅವರಿಗೇ ಇಲ್ಲದ ಚಿಂತೆ ನಿಂಗ್ಯಾಕೆ.

ಆಮೇಲೆ ಒಂದಿನ ಆ ನಾಡಿನ ಪಾಳೇಗಾರ ಹೊಳೆ ದಾಟೋಕೆ ಬಂದನಂತೆ. ಅವನು ಗದ್ದೆ ಸೀಮೆಯೋನು, ಅನ್ನ ತಿಳಿಸಾರು ಬಿಟ್ರೆ ಬೇರೆ ಕಂಡೋನಲ್ಲ. ನಡುಹೊಳೇಲಿ ಇವರಿಬ್ಬರೂ ಬಾಯಿ ಬಿಟ್ಟರು ನೋಡು, ತಿಪ್ಪಣ್ಣ ಯಾವ ಕಡೆ ಹುಟ್ಟು ಹಾಕಲಿ ಅಂತ ತಿಳೀದೆ ನಿಂತೇ ಬಿಟ್ಟ. ಪಾಳೇಗಾರ ಹಸಿದ ಹೊಟ್ಟೇಲಿ ಬಿಸಿಲಲ್ಲಿ ಬೆಂದು ಬದನೆಕಾಯಿ ಆಗೋದ. ಅವನಿಗೆ ರೇಗಿ, ಈ ಎರಡು ಒಲೇಲಿ ಒಂದೇ ಇರಬೇಕು, ಯಾವುದರ ಊಟ ಕೆಟ್ಟದೋ ಅದನ್ನ ನೀರು ಹಾಕಿ ಆರಿಸ್ತೀನಿ ಅಂತ ಅಪ್ಪಣೆ ಕೊಟ್ಟ. ರುಚಿ ನೋಡಿಕೊಂಡು ಬರ್ರೋ ಅಂತ ತನ್ನ ಮೂರು ಜನ ಮಕ್ಕಳನ್ನ ಕಳಿಸಿದನಂತೆ.

ದೊಡ್ಡೋನು ಚಿಕ್ಕತಾಯಮ್ಮನ ಹತ್ರ ಹೋದ. ಅನ್ನ ಅಗಿಯೋ ಬಾಯಿ ತಾನೆ, ಮುದ್ದೇನೂ ಅಗಿದ. ನೀನು ಇವತ್ತು ಮಾಡಿದೆಯಲ್ಲ, ಹಂಗೇ. ಸಾರಲ್ಲಿ ಅದ್ದಿ ಗುಳುಂ ಅಂತ ನುಂಗಪ್ಪಾ ಅಂತ ಅವಳು ಹೇಳಿದ್ರೆ, ಪಾಳೇಗಾರನ ಮಗನಿಗೆ ಉಣ್ಣೋದು ಕಲಿಸ್ತೀಯಾ ಅಂದ. ಅಗಿದ ಮುದ್ದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಅಂಟಿಕೊಂಡು ದವಡೆ ಕಚ್ಕೊಂಡು, ಮನೆಗೆ ಬಂದು ಮೂರು ದಿನ ಬರೀ ಊಂ ಊಂ ಅಂದನಂತೆ.

ಆಮೇಲೆ ನಡುವಿನೋನು ಬಾಳವ್ವನ ಹತ್ರ ಹೋದ. ಅವಳು ಹಪ್ಪಳದಂಗೆ ಕಟಕಟ ಅನ್ನೋ ಕಡಕ್ ರೊಟ್ಟಿ ಇಟ್ಟು ಅದರ ಮೇಲೆ ಒಂದು ಎಣ್ಣೆಗಾಯಿ ಹಾಕಿದ್ಲು. ಇವನು ಆ ರೊಟ್ಟೀನ ತಟ್ಟೆ ಅಂದ್ಕೊಂಡ. ಎಣ್ಣೆಗಾಯಿ ನೆಕ್ಕಿ, ತಟ್ಟೆ ಅಂತ ರೊಟ್ಟೀನ ಒರೆಸಿ ಇಟ್ಟು, ಅನ್ನ ಬರಲಿ ಅಂತ ಕಾದ. ಪಾಪ, ಮೆತ್ತಗಾತು ಅಂತ ಬಿಟ್ಟಾನ ಅಂತ ಬಾಳವ್ವ ಗರಿಗರಿ ಇನ್ನೊಂದು ತಂದಿಟ್ಲು. ಅದನ್ನೂ ಒರೆಸಿಟ್ಟ. ಹದಿನಾಲ್ಕು ತಟ್ಟೆ ಜೋಡಿಸಿಟ್ಟು, ಹಸ್ಕೊಂಡು ಮನೆಗೆ ಹೋದನಂತೆ.

ಕಿರಿಯೋನು ಮಾತ್ರ ದೋಣಿ ಹತ್ತುತ್ಲೇ, ತಿಪ್ಪಣ್ಣಾ, ಇವನ್ನ ಹೆಂಗೆ ಉಣ್ಬೇಕು ಅಂತ ಕೇಳಿದ. ಈಚೆ ನುಂಗು, ಆಚೆ ಮುರೀ ಅಂದ ತಿಪ್ಪಣ್ಣ. ಅವನು ಈಚೆ ನುಂಗಿದ, ಆಚೆ ಮುರಿದ, ಆಮೇಲೆ ಯಾವುದು ಚೆನ್ನಾಗಿದೆ ಅಂತ ಮರೆತೋಯ್ತು ಅಂತ ಮತ್ತೆ ಈಚೆ ಬಂದ. ಎಂಟು ದಿನ ಆದ್ರೂ ಮನೆಗೆ ಹೋಗಲಿಲ್ಲ.

ಪಾಳೇಗಾರ ಕಾದು ಕಾದು ತಾನೇ ತೀರ್ಪು ಹೇಳಿದನಂತೆ. ದೊಡ್ಡ ಮಗನಿಗೆ ಬಾಯಿ ಕಟ್ಟೋ ಊಟ ಆದ್ರೂ ಸಿಕ್ತು, ನಡುವಿನ ಮಗನಿಗೆ ಬರೀ ತಟ್ಟೆ ಕೊಟ್ಟು ಕಳಿಸಿದ್ದಾಳೆ, ಆ ಬಾಳವ್ವನ ಒಲೇನೇ ಆರಿಸಿ ಅಂದ. ನೋಡು, ತಿನ್ನೋಕೆ ಬರದ ಮಕ್ಕಳು ಹೋಗಿ ಒಂದು ಬಡಪಾಯಿ ಹೊಟ್ಟೆ ಮೇಲೆ ಹೊಡೆದ್ರು. ನಂಗೆ ಈಗಲೂ ಸಿಟ್ಟು ಬರ್ತದೆ.

ಆಳುಗಳು ಕೊಡ ಕೊಡ ನೀರು ಹೊತ್ಕೊಂಡು ಬಂದ್ರು, ಹಿಂದೇನೇ ಪಾಳೇಗಾರ. ಬಾಳವ್ವ ಒಲೆ ಮುಂದೆ ಕುಂತು, ಇದು ನಮ್ಮತ್ತಿ ಹಚ್ಚಿದ ಒಲಿರೀ, ಇದು ಆರಿದ್ರ ನಾ ಎಲ್ಲಿಗೆ ಹೋಗಲಿ ಅಂತ ಅಳ್ತಾ ಇದ್ಲಂತೆ. ಆಗ ನೋಡು, ಹೊಳೆ ಮೇಲೆ ತಿಪ್ಪಣ್ಣನ ದೋಣಿ ಬಾಣದಂಗೆ ಬಂತು. ಅದರಲ್ಲಿ ಮುದ್ದೆ ತಿರುವೋ ಕೋಲು ಹಿಡ್ಕೊಂಡು ಚಿಕ್ಕತಾಯಮ್ಮ. ಸೋತೋಳ ಮುಖ ನೋಡಿ ನಗೋಕೆ ಬಂದ್ಲು ಅಂದ್ಕೊಂಡ್ರು ಎಲ್ಲ. ಅವಳು ಓಡಿಬಂದು ಒಲೆಗೆ ಅಡ್ಡ ನಿಂತು ಕೋಲು ಎತ್ತಿದ್ಲಂತೆ.

ಬುದ್ಧೀ, ಈ ಒಲೆ ಆರಿಸಿದ್ರೆ ನಾನೇನು ಉಣ್ಲಿ ಅಂದ್ಲು. ನಿಂಗೆ ನಿನ್ನ ಮುದ್ದೆ ಇಲ್ವೇನೇ ಅಂದ ಪಾಳೇಗಾರ. ಬೆಳಗ್ಗಿಂದ ತಿರುವಿ ತಿರುವಿ ಮುದ್ದೆ ಕಂಡ್ರೇ ನಂಗೆ ಹೊಟ್ಟೆ ತುಂಬೋಯ್ತದೆ ಬುದ್ಧೀ, ಹನ್ನೆರಡು ವರ್ಷದಿಂದ ಇವಳ ರೊಟ್ಟೀನೇ ನನ್ನ ಊಟ, ನಂಗೆ ಅಂತ ಹೇಳಬ್ಯಾಡ ಅಂತ ತಿಪ್ಪಣ್ಣನ ಕೈಲಿ ಆಣೆ ಹಾಕಿಸ್ಕೊಂಡಿದ್ದೆ ಅಂದ್ಲು.

ಬಾಳವ್ವ ಅಳೋದು ನಿಲ್ಲಿಸಿದ್ಲು. ಅದು ತಿಪ್ಪಣ್ಣನ ಹೇಂತಿಗೆ ಕಟ್ಟಿದ ರೊಟ್ಟಿ ಅಲ್ಲೇನು ಅಂದ್ಲು. ತಿಪ್ಪಣ್ಣನ ಹೆಂಡ್ತಿ ಉಣ್ಣೋದು ನನ್ನ ಮುದ್ದೆ ಕಣಮ್ಮಿ ಅಂದ್ಲು ಚಿಕ್ಕತಾಯಮ್ಮ. ಬಾಳವ್ವನ ಮುಖ ಕೆಂಪಗಾಯ್ತಂತೆ. ಮೆಲ್ಲಗೆ ರೊಟ್ಟಿ ಬುಟ್ಟಿ ಸರಿಸಿದ್ಲು. ಅದರ ಹಿಂದೆ ಒಂದು ಕಂಚಿನ ಬಟ್ಟಲು, ಅದರಲ್ಲಿ ಅರ್ಧ ಉಂಡಿದ್ದ ಮುದ್ದೆ. ದಿನಾ ರೊಟ್ಟಿ ಬಡಿದು ನನಗೂ ಸಾಕಾಗ್ತಿತ್ತವ್ವಾ, ನಾನೂ ಆಣಿ ಹಾಕಿಸಿದ್ದೆ ಅಂದ್ಲಂತೆ.

ಎಲ್ಲರೂ ತಿಪ್ಪಣ್ಣನ ಕಡೆ ತಿರುಗಿದ್ರು. ಹಂಗಾದ್ರೆ ನಿನ್ನ ಹೆಂಡ್ತಿ ಏನೋ ಉಣ್ತಾಳೆ ಅಂದ ಪಾಳೇಗಾರ. ನಂಗೆ ಮದುವೇನೇ ಆಗಿಲ್ಲ ಬುದ್ಧೀ, ಅಂತ ತಿಪ್ಪಣ್ಣ ತಲೆ ಬಗ್ಗಿಸಿದನಂತೆ.

ಅಷ್ಟರಲ್ಲಿ ಪಡಸಾಲೆ ಮೂಲೇಲಿ ತೇಗು ಕೇಳಿಸ್ತು. ನೋಡಿದ್ರೆ ಕಿರಿಮಗ, ಹನ್ನೊಂದನೇ ಸಲ ರುಚಿ ನೋಡ್ತಾ ಕುಂತಿದ್ದಾನೆ. ಅಪ್ಪಾ, ಇದು ತಟ್ಟೆ ಅಲ್ಲ ಅಂತ ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿ ಪಾಳೇಗಾರನ ಬಾಯಿಗಿಟ್ಟ. ಪಾಳೇಗಾರ ಕಟಕಟ ಅಂತ ತಿಂದ. ತಿಂದೋನು ತಲೆ ಕೆಳಗೆ ಹಾಕಿ, ತಪ್ಪಾಯ್ತವ್ವಾ ಅಂದನಂತೆ. ಆಮೇಲೆ ಒಲೆ ಆರಿಸೋಕೆ ತಂದಿದ್ದ ನೀರಲ್ಲೇ ಎಲ್ಲರೂ ಕೈ ತೊಳ್ಕೊಂಡು ಊಟಕ್ಕೆ ಕುಂತ್ರು.

ಎರಡೂ ಒಲೆ ಉಳೀತು. ಕೂಗಾಟ ನಿಲ್ತು ಅಂದ್ಕೊಂಡ್ಯಾ? ಎಲ್ಲಿ ನಿಲ್ತದೆ. ಆದ್ರೆ ಆಮೇಲಿಂದ ಚಿಕ್ಕತಾಯಮ್ಮ, ಬಾಳವ್ವೋ, ನಿನ್ನೆ ರೊಟ್ಟಿ ದಪ್ಪ ಆಗಿತ್ತು ಕಣೇ ಅಂತ ಕೂಗೋಳು, ಬಾಳವ್ವ, ನಿನ್ನ ಸಾರಿಗೆ ಉಪ್ಪಿದ್ದಿಲ್ಲಲೇ ಅಂತ ಕೂಗಾಕಿ. ತಿಪ್ಪಣ್ಣನಿಗೆ ಇಬ್ಬರೂ ಸೇರಿ ಹೆಣ್ಣು ನೋಡಿ ಮದುವೆ ಮಾಡಿದ್ರು, ಅವನ ಸುಳ್ಳು ನಿಜ ಆಯ್ತು. ಈಗ ದೋಣೀಲಿ ಮೂರು ಬುತ್ತಿ ಓಡಾಡ್ತವಂತೆ.

ಅವರು ಅಲ್ಲಿ ಉಣ್ತಾ ಇರಲಿ, ನಿನ್ನ ಕಣ್ಣು ಎಳೀತಾ ಇದೆ. ಕತೆ ಮುಗೀತು ಮಗಾ, ಅಗೀತಾ ಕೂರಬೇಡ, ನುಂಗಿ ಮಲಗು.