ಪಾಲಾಗದ ಮಡು

ಸುಣ್ಣಗೇರಿ ದಾಟಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಹಳೆಯ ಗಣಿಗಳನ್ನು ಬಳಸಿಕೊಂಡು ಹೋದರೆ ಬಯಲಿನ ನಡುವೆ ಒಂದು ದೊಡ್ಡ ತಗ್ಗು ಸಿಗುತ್ತದೆ. ದನ ಬೀಳದಿರಲೆಂದು ಸುತ್ತ ಜಾಲಿಮುಳ್ಳು ಹಾಕಿದ್ದಾರೆ. ಕುಸಿದ ಬಂಡೆಗಳ ಮೇಲೆ ಹೆಜ್ಜೆಯೂರಿ ಇಳಿದರೆ ಒಳಗೊಂದು ಗವಿ, ಅದರ ತುಂಬ ತಣ್ಣನೆಯ ತಿಳಿನೀರು. ಇದಕ್ಕೆ ಪಾಲಾಗದ ಮಡು ಎಂದು ಹೆಸರು. ಇಲ್ಲಿ ಯಾವ ಋಷಿಯೂ ತಪಸ್ಸು ಮಾಡಲಿಲ್ಲ, ಯಾವ ದೇವರೂ ಬಾಣ ಹೊಡೆದು ನೀರು ಚಿಮ್ಮಿಸಲಿಲ್ಲ. ಹೆಸರು ಬಂದದ್ದು ಅಡಿವೆಪ್ಪಗೌಡನೆಂಬ ಒಬ್ಬ ಮನುಷ್ಯನ ಹೊಟ್ಟೆಕಿಚ್ಚಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಯಾರು ಆಳುತ್ತಿದ್ದರೆಂಬುದೂ ಮರೆತುಹೋದ ಕಾಲದಲ್ಲಿ, ಊರ ಗೌಡ ತೀರಿಕೊಂಡು ಇಬ್ಬರು ಮಕ್ಕಳು ಬೇರೆಯಾದರು. ಹಿರಿಯವ ಅಡಿವೆಪ್ಪ ಪಂಚರು ಬಾಯಿ ತೆರೆಯುವ ಮೊದಲೇ ಮೇಲಿನ ಕೆರೆಯನ್ನೂ ಅದರ ಸುತ್ತಲಿನ ಎರೆಹೊಲವನ್ನೂ ತನ್ನದೆಂದ. ಕಿರಿಯವ ಶಂಕ್ರೆಪ್ಪನಿಗೆ ಉಳಿದದ್ದು ಕೆಳಗಿನ ಬರೀ ಕಲ್ಲುನೆಲ. ನಡುವೆ ಬಾಂದುಕಲ್ಲು ನೆಟ್ಟರು. ಅಣ್ಣ ಮೀಸೆಯಲ್ಲೇ ನಕ್ಕ. ಆದರೆ ಶಂಕ್ರೆಪ್ಪ ಒಂದು ಬಂಡೆಯ ಬಿರುಕಿನಲ್ಲಿ ಹಸಿ ಕಂಡು ಮಣ್ಣು ಬಗೆದರೆ ನೀರಿನ ಊಟೆ ಒಡೆಯಿತು. ಬೇಸಿಗೆಯಲ್ಲೂ ಅದು ಬತ್ತಲಿಲ್ಲ. ಮೇಲಿನ ಕೆರೆ ಮಾತ್ರ ಸಂಕ್ರಾಂತಿಯ ಹೊತ್ತಿಗೇ ತಳ ಕಾಣತೊಡಗಿತು.

ಅಡಿವೆಪ್ಪನಿಗೆ ನಿದ್ದೆ ಹತ್ತಲಿಲ್ಲ. ಕೆರೆಯ ಒಂದು ಮೂಲೆಯಲ್ಲಿ, ಬಂಡೆಯ ಬುಡಕ್ಕೆ, ನೀರು ಸುಳಿಸುಳಿಯಾಗಿ ಒಳಗಿಳಿಯುವುದನ್ನು ಅವನು ಕಂಡಿದ್ದ. ಆ ಸುಳಿಗೆ ಬುಟ್ಟಿಗಟ್ಟಲೆ ಜೋಳದ ಹೊಟ್ಟು ಸುರಿದು, ತಮ್ಮನ ಊಟೆಯ ದಂಡೆಗೆ ಹೋಗಿ ಕೂತ. ಹೊಟ್ಟು ಅಲ್ಲಿ ತೇಲಿ ಬಂತು. ಕೆರೆ ತನ್ನದು, ನೀರು ತಮ್ಮನದು! ಅವನ ಎದೆಗೆ ಬೆಂಕಿ ಬಿತ್ತು. ಮಾರನೆಯ ವಾರವೇ ಸುಣ್ಣ, ಬೆಲ್ಲ, ಮರಳು ಅರೆಸಿ ಗಚ್ಚು ಮಾಡಿಸಿ ಆ ಬಿಲಕ್ಕೆ ಜಡಿಸಿದ. ಕೆಳಗೆ ಊಟೆ ನಿಂತಿತು. ತಮ್ಮನ ಎಮ್ಮೆಗಳು ಒಂದೊಂದಾಗಿ ಬಿದ್ದವು.

ಶಂಕ್ರೆಪ್ಪನಿಗೆ ಅಣ್ಣನ ಮುಖ ನೋಡುವ ಮನಸ್ಸಿರಲಿಲ್ಲ. ಅವನ ಹೆಂಡತಿ ತಿಪ್ಪವ್ವ ತಲೆತುಂಬ ಸೆರಗು ಹೊದ್ದು ಬಂದು ಅಡಿವೆಪ್ಪನ ಪಡಸಾಲೆಯ ಕಂಬದ ಮರೆಗೆ ನಿಂತಳು.

"ಭಾವಾರ, ಕುಡಿಯಾಕರ ಒಂದಿಷ್ಟು ಬಿಡ್ರಿ. ಹುಡುಗ್ರು ಬಾಯಾರಿ ಅಳಾಕತ್ಯಾವ."

"ಪಾಲು ಆದಾಗ ನಿನ್ನ ಗಂಡ ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡಾನಲ್ಲ? ಕಲ್ಲು ಬಂದಾವ, ಕಲ್ಲು ನೆಕ್ಕ್ರಿ."

ತಿಪ್ಪವ್ವ ಸೆರಗು ಬಿಗಿ ಮಾಡಿಕೊಂಡು ಹೊರಟುಹೋದಳು. ಪಾಪ, ಹರಿದಾರಿ ದೂರದ ಹಳ್ಳದಿಂದ ಆ ಬೇಸಿಗೆಯೆಲ್ಲ ನೀರು ಹೊತ್ತಳು.

ನಮ್ಮ ಕಡೆಯ ಬಂಡೆ ಸುಣ್ಣದ ಬಂಡೆ. ಬಿರುಕಿಗೆ ಇಳಿದ ನೀರು ಅದನ್ನು ತಲೆತಲಾಂತರದಿಂದ ಬೆಲ್ಲದ ಅಚ್ಚಿನಂತೆ ಕರಗಿಸುತ್ತ ಬಂದಿದೆ. ಮೇಲೆ ನಾವು ಬಿತ್ತುತ್ತೇವೆ, ಬಡಿದಾಡುತ್ತೇವೆ; ಕೆಳಗೆ ಓಣಿ, ಪಡಸಾಲೆಗಳು ತಮ್ಮಷ್ಟಕ್ಕೆ ಅಗಲವಾಗುತ್ತಿರುತ್ತವೆ. ಆ ವರ್ಷ ಮಳೆ ಜೋರಾಗಿ ಕೆರೆ ತುಂಬಿತು. ಗೌಡ ಏರಿಯ ಮೇಲೆ ನಿಂತು ಕಣ್ತುಂಬ ನೋಡಿದ. ಅಷ್ಟು ಭಾರ ಹೊತ್ತ ನೆಲದ ಕೆಳಗೆ ಟೊಳ್ಳಿತ್ತು. ಹಳೆಯ ಬಿಲ ಮುಚ್ಚಿದ್ದರಿಂದ ನೀರು ಬೇರೆ ಬಿರುಕುಗಳನ್ನು ಒತ್ತಿ ಒತ್ತಿ ಸಡಿಲಿಸಿತ್ತು. ಒಂದು ಮಧ್ಯಾಹ್ನ ಕೆರೆಯ ತಳವೇ ಒಳಕ್ಕೆ ಕುಸಿದು, ನೋಡನೋಡುತ್ತಿದ್ದಂತೆ ನೀರೆಲ್ಲ ಮಾಯವಾಯಿತು.

ದೀವಟಿಗೆ ಹಿಡಿದು ಇಳಿದ ಗೌಡನಿಗೆ ಕಂಡದ್ದು ಈ ಗವಿ. ಅದು ಅವನ ಹೊಲದ ಅಡಿಯಿಂದ ಬಾಂದುಕಲ್ಲನ್ನು ಲೆಕ್ಕಿಸದೆ ತಮ್ಮನ ನೆಲದ ಅಡಿಗೆ ಚಾಚಿತ್ತು. ತುಂಬ ಒಂದೇ ನೀರು. ಆಚೆ ತುದಿಯಲ್ಲಿ ಶಂಕ್ರೆಪ್ಪನ ಮನೆಯವರು ಊಟೆಯ ಬಿರುಕು ಅಗಲಿಸಿಕೊಂಡು ಆಗಲೇ ಕೊಡ ಇಳಿಬಿಟ್ಟಿದ್ದರು. ಬುದ್ಧಿಯಿದ್ದವನು ಅಲ್ಲೇ ಕೈಮುಗಿದು ಮೇಲೆ ಬರುತ್ತಿದ್ದ. ಅಡಿವೆಪ್ಪ ಉಪ್ಪಾರರನ್ನು ಕರೆಸಿದ. ಮೇಲಿನ ಬಾಂದುಕಲ್ಲಿನ ನೇರಕ್ಕೆ, ನೀರಿನೊಳಗೆ, ಗೋಡೆ ಎಬ್ಬಿಸಲು ಹೇಳಿದ. ಗೋಡೆ ಎದ್ದಿತು. ತಮ್ಮ ಆಚೆ ಸೇದಿದರೆ ಈಚೆಯೂ ನೀರು ಇಳಿಯಿತು. ಇನ್ನಷ್ಟು ಗಚ್ಚು ಮೆತ್ತಿಸಿದ. ಆಗಲೂ ಇಳಿಯಿತು. ತಳದ ಬಂಡೆಯ ತುಂಬ ಬಿರುಕು, ಎಷ್ಟಕ್ಕೆಂದು ಮೆತ್ತುತ್ತೀರಿ? ಹೊಲ ಬೀಳು ಬಿತ್ತು, ಆಳುಗಳು ಕೆಲಸ ಬಿಟ್ಟರು. ವರ್ಷಗಳು ಉರುಳಿ ಮುದುಕನಾದರೂ ಅಡಿವೆಪ್ಪ ಒಬ್ಬನೇ ಕಲ್ಲಿನ ಮೇಲೆ ಕಲ್ಲಿಟ್ಟ.

ಕಡೆಗೆ ಗವಿಯ ಥಂಡಿ ಹಿಡಿದು ಹಾಸಿಗೆಗೆ ಬಿದ್ದ. ಜೀವ ಗಂಟಲಿಗೆ ಬಂದು ನೀರು ನೀರೆಂದು ಕನವರಿಸಿದಾಗ ತಿಪ್ಪವ್ವ ತಂಬಿಗೆ ಹಿಡಿದು ಬಂದಳು. ಅಕ್ಕರೆಯಿಂದಲ್ಲ, ಸಾಯುವವನಿಗೆ ನೀರು ಬಿಡದಿದ್ದರೆ ಜನ ಆಡಿಕೊಳ್ಳುತ್ತಾರೆಂದು.

"ಯಾ ಕಡೀದು?" ಎಂದ ಮುದುಕ.

"ತುಂಬಿದ್ದು ನಮ್ಮ ಕಡಿ. ನಿನ್ನಿ ನಿಮ್ಮ ಕಡಿ ಇತ್ತೋ ಏನೋ, ನನಗೇನು ಗೊತ್ತು? ಕುಡೀರಿ."

"ಗೊತ್ತಿಲ್ಲಂದ್ರ ಒಯ್ಯಿ."

ತುಟಿ ಬಿಗಿದ. ಆಕೆ ಸುರಿದ ನೀರು ಗಡ್ಡದ ಮೇಲಿಂದ ಹರಿದು ಹಾಸಿಗೆ ತೋಯಿಸಿತು. ಬಾಯೊಳಗೆ ಒಂದು ಹನಿಯೂ ಹೋಗಲಿಲ್ಲ. ಅವನು ಹಾಗೆಯೇ ಸತ್ತ.

ಇಂದಿಗೂ ಈ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಮಡುವಿನ ನೀರನ್ನು ಪಾಲು ಮಾಡುವ ಮಾತೆತ್ತುವುದಿಲ್ಲ. ನೋಡಲು ಹೋದವರು ಗವಿಯೊಳಗೆ ನಡುನೀರಿನಲ್ಲಿ ಅರ್ಧಕ್ಕೆ ನಿಂತ ಆ ಗೋಡೆಯನ್ನು ಕಾಣಬಹುದು. ಅದರ ಎರಡೂ ಬದಿಗೆ ನೀರು ಒಂದೇ ಮಟ್ಟಕ್ಕಿದೆ.